ಬಾಗಿಲಕ್ಕ ಮತ್ತು ದರ್ಜಿಯ ಮಗಳು

ಸಾಯಲು ಹೊರಟು ಹೇಗೋ ಉಳಿದುಕೊಂಡ ಹದಿಹರೆಯದವರು ಒಮ್ಮೆ ಮನೆಗೆ ಹೋದರೆ ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಅವರಿದ್ದಲ್ಲಿಗೇ ಹೋಗಿ ಮಾತಾಡಿಸುವುದು ಒಬ್ಬ ನರ್ಸಿನ ಕೆಲಸ. ಮುಚ್ಚಿದ ಬಾಗಿಲುಗಳ ಮುಂದೆ ನಿಂತೂ ನಿಂತೂ ಅವಳು ಮಕ್ಕಳ ಬಾಯಲ್ಲಿ ಬಾಗಿಲಕ್ಕ ಆಗಿದ್ದಳು.

ಅಂಥವರಲ್ಲೊಬ್ಬಳಾದ ದರ್ಜಿಯ ಮಗಳನ್ನು ನೋಡಲು ಹೋದಾಗ ಅಪ್ಪ ಹೊಸ್ತಿಲು ದಾಟಲು ಬಿಡಲಿಲ್ಲ. "ಆಸ್ಪತ್ರೆಯವ್ರು ಬಂದ್ರೆ ಬೀದಿಗೆಲ್ಲ ಡಂಗುರ ಹೊಡ್ದಂಗೆ. ಹೋಗಿ ತಾಯಿ."

ಮುಂದಿನ ವಾರ ಬಾಗಿಲಕ್ಕ ಗುಂಡಿ ಕಿತ್ತ ಕೋಟು ಹಿಡಿದು ಅವನ ಅಂಗಡಿಗೇ ಹೋದಳು. ದರ್ಜಿಗೆ ಗುರುತು ಸಿಕ್ಕಿತು. ಆದರೆ ಗಿರಾಕಿಯನ್ನು ಓಡಿಸುವಂತಿರಲಿಲ್ಲ. ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದವಳು ಆ ಹುಡುಗಿಯೇ.

"ಇದನ್ನ ನೀವೇ ಕಿತ್ಕೊಂಡು ಬಂದಿದ್ದಲ್ವಾ?" ಎಂದಳು, ತಲೆ ಎತ್ತದೆ.

"ಹೂಂ ಕಣೇ. ಬೇರೆ ದಾರಿ ಕಾಣ್ಲಿಲ್ಲ."

ಹುಡುಗಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಂದ ಬಾಗಿಲಕ್ಕನ ಮನೆಯ ಗುಂಡಿಗಳಿಗೆಲ್ಲ ಗ್ರಹಚಾರ ಹಿಡಿಯಿತು. ಒಂದು ಮಧ್ಯಾಹ್ನ ಹುಡುಗಿ ಬಟ್ಟೆ ಕೆಳಗಿಟ್ಟು, "ಬೆಳಿಗ್ಗೆ ಎದ್ರೆ, ಅಯ್ಯೋ ಇನ್ನೂ ಇದೀನಲ್ಲ ಅನ್ಸುತ್ತೆ ಅಕ್ಕ" ಎಂದಳು. ಡಾಕ್ಟರ ಹತ್ತಿರ ಬರುತ್ತೀಯಾ ಎಂದರೆ, "ನೋಡೋಣ." ಅವಳ ಮಟ್ಟಿಗೆ ಅದೇ ದೊಡ್ಡ ಮಾತು.

ಅಷ್ಟರಲ್ಲಿ ಮೇಲಧಿಕಾರಿ ಬಾಗಿಲಕ್ಕನನ್ನು ಕರೆಸಿದ. "ಅಂಗಡೀಲಿ ಕೂತು ಹರಟೆ ಹೊಡ್ದ್ರೆ ಅದು ಭೇಟಿ ಅನ್ನಿಸ್ಕೊಳಲ್ಲಮ್ಮ. ಆ ಹುಡುಗಿ ಆಸ್ಪತ್ರೆಗೆ ಬರ್ಲೇ ಇಲ್ಲ. ಚಿಕಿತ್ಸೆ ಬೇಡ ಅಂದ್ಳು ಅಂತ ಬರ್ದು ಅವಳ ಫೈಲು ಮುಗ್ಸಿದೀವಿ."

"ಅವ್ಳೇ ಬರೋ ಹಾಗಿದ್ರೆ ನಾನ್ಯಾಕೆ ಹೋಗ್ಬೇಕಿತ್ತು ಸರ್?"

ಗೋಡೆಗೆ ಹೇಳಿದಂತಾಯಿತು. ಬಾಗಿಲಕ್ಕನನ್ನು ಆ ಬೀದಿಗಳಿಂದ ತೆಗೆದು ಊರಿನ ಇನ್ನೊಂದು ತುದಿಗೆ ಹಾಕಿದರು.

ಕೆಲವೇ ದಿನಗಳಲ್ಲಿ ಹುಡುಗಿ ಒಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಬಂದು ಬಾಗಿಲಕ್ಕನನ್ನು ಕೇಳಿದಳು. ಕೌಂಟರಿನವನು ಕಂಪ್ಯೂಟರ್ ನೋಡಿ, ಅವರಿಲ್ಲಿಲ್ಲ, ನಿನ್ನ ಹೆಸರೂ ಇಲ್ಲ ಎಂದು ವಾಪಸು ಕಳಿಸಿದ.

ಆಸ್ಪತ್ರೆಯ ಆಯಾ ಫೋನು ಮಾಡಿ ಇದನ್ನು ತಿಳಿಸಿದಾಗ ಬಾಗಿಲಕ್ಕ ಬಿದ್ದೆನೋ ಎದ್ದೆನೋ ಎಂದು ಅಂಗಡಿಗೆ ಓಡಿದಳು. ಹುಡುಗಿ ಅಪ್ಪನ ಪಕ್ಕ ಕೂತಿದ್ದಳು. ಬಾಗಿಲಕ್ಕನಿಗೆ ಹೋದ ಜೀವ ಬಂತು.

"ಬಂದಿದ್ದೆ ಅಕ್ಕ. ವಾಪಸ್ ಕಳ್ಸಿದ್ರು."

ದರ್ಜಿ ಕತ್ತರಿ ಬದಿಗಿಟ್ಟ. "ಬೀದಿಯವ್ರು ಏನಾದ್ರೂ ಅನ್ಕೊಳ್ಲಿ, ನಾಳೆ ನಾನೂ ಬರ್ತೀನಿ. ಅದ್ಯಾರು ವಾಪಸ್ ಕಳಿಸ್ತಾರೋ ನೋಡೋಣ."

ಮಾರನೆಯ ದಿನ ಕೌಂಟರಿನಲ್ಲಿ ಜಗಳವಾಡಿಯೇ ಒಳಗೆ ಹೋಗಬೇಕಾಯಿತು. ಡಾಕ್ಟರು ನೋಡಿದರು, ಚಿಕಿತ್ಸೆ ಶುರುವಾಯಿತು. ಹುಡುಗಿ ಈಗ ಪರವಾಗಿಲ್ಲ. ಆದರೆ ಬಾಗಿಲಕ್ಕನಿಗೆ ಹಳೆಯ ಬೀದಿಗಳು ಮರಳಿ ಸಿಗಲಿಲ್ಲ. ಅಲ್ಲಿನ ಇನ್ನೂ ಏಳೆಂಟು ಮಕ್ಕಳನ್ನು ಹೀಗೆಯೇ ಕೈಬಿಟ್ಟಿದ್ದಾರೆ. ಅವರಿಗಾಗಿ ಬಂದು ಜಗಳವಾಡುವವರು ಯಾರೂ ಇಲ್ಲ. ನೆನೆದಾಗಲೆಲ್ಲ ಅವಳಿಗೆ ಮೈ ಉರಿಯುತ್ತದೆ.