ಶರಣಪ್ಪನವರ ನೋಟ್‌ಬುಕ್ಕಿನಲ್ಲಿ ನನ್ನ ಸಹಿ

...ಅಥವಾ ಶರಣಪ್ಪನವರು ಕಂಪ್ಯೂಟರ್ ನೋಡಲು ಬಂದದ್ದು ಭಾನುವಾರವೇ ಅಲ್ಲವೇನೋ. ನನ್ನ ನೆನಪಿನಲ್ಲಿ ಅವತ್ತು ಶನಿವಾರ, ಪಕ್ಕದ ಮನೆಯ ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು. ಶರಣಪ್ಪನವರ ನೋಟ್‌ಬುಕ್ ಭಾನುವಾರ ಎನ್ನುತ್ತದೆ. ಅದರಲ್ಲಿ ತಾರೀಖು, ಗಂಟೆ, ನಿಮಿಷ ಎಲ್ಲ ಇದೆ. ಕೆಳಗೆ ನನ್ನದೇ ಸಹಿಯೂ ಇದೆ. ನನ್ನ ಹತ್ತಿರ ಇರುವುದು ಬರೀ ಒಂದು ಕ್ರಿಕೆಟ್ ಗದ್ದಲ. ಇರಲಿ, ಭಾನುವಾರ ಅಂತಲೇ ಇಟ್ಟುಕೊಳ್ಳೋಣ.

ಸೋಮವಾರದ ಬಗ್ಗೆ ಮಾತ್ರ ಅನುಮಾನವಿಲ್ಲ. ಸೋಮವಾರ ಬೆಳಿಗ್ಗೆ ನನ್ನ ಕಂಪ್ಯೂಟರ್ ನನ್ನನ್ನು ಒಳಗೆ ಬಿಡಲಿಲ್ಲ.

ಪರದೆಯ ಮೇಲೆ ನನ್ನ ಹೆಸರಿತ್ತು. ಕ್ಲಿಕ್ ಮಾಡಿದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ತಪ್ಪು ಎಂದಿತು. ಒಂದೊಂದೇ ಕೀಲಿ ನೋಡಿ ನೋಡಿ ಒತ್ತಿದೆ. ತಪ್ಪು. ಮೂರನೆಯ ಸಲ ಬಾಯಿಬಿಟ್ಟು ಹೇಳಿಕೊಳ್ಳುತ್ತ ಒತ್ತಿದೆ (ನನ್ನ ಪಾಸ್‌ವರ್ಡ್ ಕದ್ದು ಯಾರು ಏನು ಮಾಡಬೇಕು?). ತಪ್ಪು.

ಮರುದಿನ ಪತ್ರಿಕೆಗೆ ಅಂಕಣ ಕಳಿಸಬೇಕು. ಬರೆದದ್ದೆಲ್ಲ ಒಳಗಿತ್ತು. ಅದು ಸಣ್ಣ ಚಿಂತೆ. ದೊಡ್ಡ ಚಿಂತೆ ಒಳಗಿದ್ದ ಇನ್ನೊಂದು ಫೈಲಿನದು. ಅದರ ಮಾತಿಗೆ ಆಮೇಲೆ ಬರುತ್ತೇನೆ. (ಬರಲು ಮನಸ್ಸಿಲ್ಲ. ಆದರೂ ಬರುತ್ತೇನೆ.)

ಶರಣಪ್ಪ ಪಾಸ್‌ವರ್ಡ್ ಬದಲಾಯಿಸಿದ್ದಾರೆ. ನನಗೆ ಮೊದಲು ಹೊಳೆದದ್ದೇ ಇದು.

ಶರಣಪ್ಪನವರು ಗುಲಬರ್ಗಾ ಕಡೆಯವರು, ಐವತ್ತರ ಹತ್ತಿರದವರು. ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಈ ತೆಲುಗು ಊರಿನಲ್ಲಿ ಕನ್ನಡದವರು ಸೇರುವ ಒಂದು ಊಟದಲ್ಲಿ ಪರಿಚಯವಾದರು. ನನ್ನ ಹಳೆಯ ಅಂಕಣಗಳನ್ನೆಲ್ಲ ಒಂದು ವೈರಸ್ ತಿಂದುಹಾಕಿತ್ತು, ಅದನ್ನೇ ಎಲ್ಲರ ಮುಂದೆ ಹೇಳಿಕೊಂಡು ಅಳುತ್ತಿದ್ದೆ. ಅವರು ಮಜ್ಜಿಗೆ ಲೋಟ ಹಿಡಿದುಕೊಂಡೇ ಬಂದು, ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಳ್ಳಿ, ವೈರಸ್ ಕಾಟ ಇರುವುದಿಲ್ಲ ಎಂದರು.

"ಪುಕ್ಕಟೆ ಐತ್ರಿ ಅಕ್ಕಾರ. ಹಾಕಿಕೊಡಾಕ ನಾನೂ ಏನೂ ತಗೊಳ್ಳಂಗಿಲ್ಲ."

ನೀವೇ ಹೇಳಿ, ಇಂಥ ಮಾತು ಕೇಳಿದರೆ ಅನುಮಾನ ಬರಬೇಕೋ ಬೇಡವೋ? ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕೋರ್ಸಿನ ಬೋರ್ಡುಗಳ ನಡುವೆ ಕಟ್ಟಡ ಹುಡುಕಬೇಕು. ಕೊರಳಲ್ಲಿ ಕಂಪನಿಯ ಐಡಿ ಕಾರ್ಡ್ ಇಲ್ಲದವರನ್ನು ಹೆಣ್ಣಿನ ಕಡೆಯವರು ಕಣ್ಣೆತ್ತಿ ನೋಡುವುದಿಲ್ಲ. ಈ ಊರಿನಲ್ಲಿ ಈಗ ಕಂಪ್ಯೂಟರ್ ಗೊತ್ತಿದ್ದವರು ಅದನ್ನು ಬಿಟ್ಟಿ ಹಂಚುವ ಕಾಲವೇ ಇದು? ಹೀಗಿರುವಾಗ ಒಬ್ಬ ಮನುಷ್ಯ ವಾರಕ್ಕೊಂದೇ ರಜೆಯ ದಿನ ಎರಡು ಬಸ್ಸು ಬದಲಿಸಿ ಸನತ್‌ನಗರಕ್ಕೆ ಬರುತ್ತಾನೆ, ನನ್ನ ಮನೆಯ ಕಪ್ಪು ಪರದೆಯ ಮುಂದೆ ಮಧ್ಯಾಹ್ನದವರೆಗೆ ಕೂರುತ್ತಾನೆ, ಎದ್ದು ಹೋಗುತ್ತಾನೆ. ಯಾಕೆ?

ಕಮಾಂಡು ಒತ್ತುವ ಆ ಕಪ್ಪು ಪರದೆಯೂ ನಂಬುವಂಥದ್ದಲ್ಲ. ಅದರಲ್ಲಿ ಪಾಸ್‌ವರ್ಡ್ ಒತ್ತಿದರೆ ಏನೂ ಕಾಣುವುದಿಲ್ಲ. ಅಕ್ಷರ ಹೋಗಲಿ, ಒಂದು ಚುಕ್ಕೆಯೂ ಮೂಡುವುದಿಲ್ಲ. ಮೊದಲ ದಿನ ನಾನು ಕೈ ಹಿಂದೆಗೆದು ಕೂತೆ, ಕೀಬೋರ್ಡ್ ಕೆಟ್ಟಿದೆ ಎಂದೆ.

"ಕಾಣ್ಸಂಗಿಲ್ರಿ ಅಕ್ಕಾರ," ಅಂದರು ಶರಣಪ್ಪ. "ಆದ್ರ ಒಳಗ ತಗೊಂತೈತಿ."

ಇನ್ನು ಅವರ ನೋಟ್‌ಬುಕ್. ಉದ್ದನೆಯದು, ರಟ್ಟಿನದು, ಬೆನ್ನಿಗೆ ಕೆಂಪು ಬಟ್ಟೆ. ಅವರ ಕಾರ್ಖಾನೆಯಲ್ಲಿ ಏನೇ ಮಾಡಿದರೂ ಆಗಿಂದಾಗಲೇ ಗಂಟೆ ನಿಮಿಷ ಹಾಕಿ ಬರೆಯಬೇಕಂತೆ. ಬರೆಯದೆ ಇದ್ದರೆ ಆ ಕೆಲಸ ಮಾಡೇ ಇಲ್ಲ ಎಂದು ಲೆಕ್ಕವಂತೆ. ತಪ್ಪಾದರೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲು ಬರಬೇಕು. ಪಕ್ಕದಲ್ಲಿ ಇನ್ನೊಬ್ಬರ ಸಹಿ ಬೇಕು. ವರ್ಷಗಟ್ಟಲೆ ಹೀಗೆ ಬದುಕಿದ ಮನುಷ್ಯ ನನ್ನ ಕಂಪ್ಯೂಟರಿಗೂ ಒಂದು ನೋಟ್‌ಬುಕ್ ತೆರೆದುಬಿಟ್ಟಿದ್ದರು. ನೆಟ್ ಸೆಂಟರಿನಲ್ಲಿ ಕೂತು, ಯಾವುದೋ ದೇಶದ ಯಾರೋ ಹೇಳಿಕೊಟ್ಟ ಕಮಾಂಡುಗಳನ್ನು ಅದರಲ್ಲೇ ಇಳಿಸಿಕೊಂಡು ಬರುವರು. ಒಂದೊಂದನ್ನೇ ಒತ್ತುವರು, ಗಂಟೆ ನೋಡುವರು, ಬರೆಯುವರು. ಕೊನೆಗೆ, "ಸಹಿ ಮಾಡ್ರಿ ಅಕ್ಕಾರ."

ನಾನು ಕೊರಿಯರ್‌ನವನಿಗೆ ಮಾಡುವಂತೆ ಮಾಡುತ್ತಿದ್ದೆ. ಓದುತ್ತಿರಲಿಲ್ಲ. ಒಳಗೊಳಗೆ ಮಾತ್ರ ಕೇಳಿಕೊಳ್ಳುತ್ತಿದ್ದೆ, ಬಿಟ್ಟಿ ಕೆಲಸಕ್ಕೆ ಸಹಿ ಯಾಕೆ? ನಾಳೆ ನನ್ನನ್ನು ಯಾವುದಕ್ಕೆ ಸಿಕ್ಕಿಸುತ್ತಾರೆ?

ಆ ಭಾನುವಾರ ಅವರು ಬಂದದ್ದು ನನ್ನ ಒತ್ತಕ್ಷರಕ್ಕೆ. ಒತ್ತುಗಳು ಅಕ್ಷರದ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದವು. ನನ್ನ ವಾಕ್ಯಗಳು ಬಸ್ಸಿನಿಂದ ಬಿದ್ದವರ ಸಾಮಾನಿನಂತೆ ಕಾಣುತ್ತಿದ್ದವು. ಅದನ್ನು ಸರಿ ಮಾಡಿದರು, ಕನ್ನಡ ಕೀಬೋರ್ಡನ್ನೂ ಸೇರಿಸಿದರು. ಮಷಿನ್ ಹಾಕಿದ ಕೂಡಲೇ ಕನ್ನಡವೇ ಬರುವಂತೆ ಮಾಡಿ ಎಂದೆ. ಅವರು ಒಪ್ಪಲಿಲ್ಲ. ಇಂಗ್ಲಿಷ್ ಮೊದಲಿರಲಿ, ಕನ್ನಡ ಬೇಕಾದಾಗ ಎರಡು ಕೀಲಿ ಒತ್ತಿದರೆ ಸಾಕು ಎಂದರು. ನನಗೆ ಸಿಟ್ಟು ಬಂತು. ಲಿಫ್ಟಿನಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಬ್ಯಾಂಕಿನಲ್ಲಿ ಇಂಗ್ಲಿಷ್. ನನ್ನ ಸ್ವಂತ ಮೇಜಿನ ಮೇಲಾದರೂ ಕನ್ನಡ ಮೊದಲು ಬರಬಾರದೇ? ಶರಣಪ್ಪ ನಕ್ಕರು. ನಾನು ಸುಸ್ಲಾ ತರಲು ಒಳಗೆ ಹೋದೆ.

ಒಳಗೆ ಹೋದದ್ದು ಖಚಿತವೇ? ಮಂಡಕ್ಕಿ ನೆನೆಸಿದ್ದು, ಒಗ್ಗರಣೆಗೆ ಕರಿಬೇವು ಇಲ್ಲದ್ದು ನೆನಪಿದೆ. ಹಾಗಾದರೆ ಹೋಗಿರಬೇಕು.

ಸರಿ, ಈಗ ಆ ಫೈಲಿಗೆ ಬರಬೇಕು.

ನಾನು ಶರಣಪ್ಪನವರ ಬಗ್ಗೆಯೇ ಒಂದು ಅಂಕಣ ಬರೆದಿಟ್ಟಿದ್ದೆ. ಕಳಿಸಿರಲಿಲ್ಲ. ನೋಟ್‌ಬುಕ್ಕಿನ ಮೇಲೆ ತಮಾಷೆ, ಅವರ ಅಂಗಿಗೆ ಅಂಟಿಕೊಂಡ ಕಾರ್ಖಾನೆಯ ವಾಸನೆಯ ಮೇಲೆ ತಮಾಷೆ. ಅದರಲ್ಲಿ ಹೀಗೊಂದು ಸಾಲು ಇತ್ತು: "ಲಿನಕ್ಸ್ ಪುಕ್ಕಟೆ, ಶರಣಪ್ಪ ಪುಕ್ಕಟೆ ಅಲ್ಲ. ಅವರು ಬರುವುದು ರಿಪೇರಿಗಲ್ಲ, ನಾಷ್ಟಾಕ್ಕೆ. ಹೆಂಡತಿ ಊರಲ್ಲಿದ್ದಾಳೆ, ಇಲ್ಲಿ ಎರಡು ಪ್ಲೇಟ್ ಸುಸ್ಲಾ ಕಾದಿದೆ." ಬರೆದಾಗ ನಾನೇ ನಕ್ಕಿದ್ದೆ. ಅಂಕಣಕಾರರು ಹೀಗೆ ನಗುತ್ತಾರೆ, ಯಾರೂ ನೋಡದಿದ್ದಾಗ. ಫೈಲಿಗೆ ಬೇರೆ ಹೆಸರಾದರೂ ಇಡಬಾರದಿತ್ತೇ? ಕನ್ನಡದಲ್ಲಿ ದಪ್ಪಗೆ "ಶರಣಪ್ಪ" ಎಂದೇ ಇಟ್ಟಿದ್ದೆ.

ಈಗ ಸೋಮವಾರ ನನ್ನ ತಲೆಯಲ್ಲಿ ಓಡಿದ್ದು ನಿಮಗೂ ಗೊತ್ತಾಯಿತಲ್ಲ. ನಾನು ಅಡುಗೆಮನೆಯಲ್ಲಿದ್ದಾಗ ಓದಿದ್ದಾರೆ. ನೊಂದಿದ್ದಾರೆ. ಬೀಗ ಹಾಕಿ ಹೋಗಿದ್ದಾರೆ.

ನಮ್ಮವರಿಗೆ ಹೇಳಿದೆ. ಸರ್ಕಾರಿ ನೌಕರಿ ಮುಗಿದರೂ ಅವರು ಎಲ್ಲದಕ್ಕೂ ಷರಾ ಬರೆಯುವುದನ್ನು ಬಿಟ್ಟಿಲ್ಲ. ಪೇಪರಿನಿಂದ ತಲೆ ಎತ್ತದೆ, "ನೀನ ಏನರ ಒತ್ತಿರ್ತಿ," ಎಂದರು.

ಕಾರ್ಖಾನೆಗೆ ಫೋನ್ ಮಾಡಿದೆ. ಗೇಟಿನವನು ತೆಗೆದುಕೊಂಡ. "ಅಂದರ್ ಫೋನ್ ಮನಾ ಹೈ ಅಮ್ಮಾ, ಬೋಲ್ ದೇತೂಂ," ಅಂದ, ಒಳಗೆ ಫೋನ್ ಕೊಡುವಂತಿಲ್ಲ, ತಾನೇ ಹೇಳುತ್ತಾನಂತೆ. ಹೇಳಿದನೋ ಇಲ್ಲವೋ ಎಂದು ದಿನವಿಡೀ ಅವನ ಮೇಲೂ ಅನುಮಾನ.

ಹೇಳಿದ್ದ. ಶಿಫ್ಟ್ ಮುಗಿಸಿ ಸಂಜೆಯ ಬಸ್ಸಿಗೆ ಶರಣಪ್ಪ ಬಂದರು, ಕಂಕುಳಲ್ಲಿ ನೋಟ್‌ಬುಕ್. ಚಪ್ಪಲಿ ಬಿಡುವಷ್ಟರಲ್ಲೇ ನಾನು ಕೇಳಿಬಿಟ್ಟೆ.

"ಪಾಸ್‌ವರ್ಡ್ ಯಾಕ ಬದಲಿ ಮಾಡಿದ್ರಿ ಶರಣಪ್ಪನವ್ರ?"

ಅವರು ನೋಟ್‌ಬುಕ್ ಬಿಚ್ಚಿ, ಭಾನುವಾರದ ಪುಟದ ಮೇಲೆ ಬೆರಳು ಇಳಿಸುತ್ತ ಬಂದರು. ಕೆಳಗೆ ತಲುಪಿದ ಮೇಲೆ ತಲೆ ಎತ್ತಿದರು.

"ಇದರಾಗ ಇಲ್ರಿ. ಬರದಿಲ್ಲಂದ್ರ ನಾ ಮಾಡಿಲ್ಲ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲೆ ಅವರು ಮಷಿನ್ ಹಾಕಿದರು. ನನ್ನ ಹೆಸರನ್ನು ಬಿಟ್ಟು, ಬೇರೆಯವರು ಹೆಸರು ಬರೆಯಬೇಕಾದ ಖಾಲಿ ಜಾಗಕ್ಕೆ ಹೋದರು. ಪಾಸ್‌ವರ್ಡನ್ನು ಇಲ್ಲಿ ಒತ್ತಿ, ಇಲ್ಲಾದರೆ ಅಕ್ಷರ ಕಣ್ಣಿಗೆ ಕಾಣುತ್ತದೆ ಎಂದರು. ಹೇಳಿ, ಕುರ್ಚಿ ಬಿಟ್ಟು ಎದ್ದು, ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ ನಿಂತರು. ನನ್ನ ಪಾಸ್‌ವರ್ಡ್ ಅವರಿಗೆ ಕಾಣಬಾರದಲ್ಲ.

ಒತ್ತಿದೆ. ಪರದೆಯ ಮೇಲೆ ಕನ್ನಡ ಮೂಡಿತು. ಒಂದು ದೀರ್ಘ, ಒಂದು ಅರ್ಧಾಕ್ಷರ, ಅರ್ಥವಿಲ್ಲದ ಒಂದು ಮೆರವಣಿಗೆ. ಬೆಳಿಗ್ಗೆಯಿಂದ ನಾನು ಕನ್ನಡದಲ್ಲಿ ಬಾಗಿಲು ಬಡಿಯುತ್ತಿದ್ದೆ, ಒಳಗಿನದು ಇಂಗ್ಲಿಷ್ ಅಕ್ಷರಕ್ಕೆ ಕಾದಿತ್ತು. ಮಷಿನ್ ಹಾಕಿದಾಗ ಬರುವ ಪರದೆಯಲ್ಲಿ ಪಾಸ್‌ವರ್ಡ್ ಬರೀ ಕರಿ ಚುಕ್ಕೆ, ಅವು ಎಲ್ಲ ಭಾಷೆಯಲ್ಲೂ ಒಂದೇ ತರ, ಗೊತ್ತಾಗುವುದು ಹೇಗೆ?

ಅವರು ಎರಡು ಕೀಲಿ ಒತ್ತಿದರು. ನಾನು ಪಾಸ್‌ವರ್ಡ್ ಕೊಟ್ಟೆ. ಬಾಗಿಲು ತೆರೆಯಿತು.

ಭಾನುವಾರ ಅವರು ಹೋದ ಮೇಲೆ ನಾನು ಸೆಟ್ಟಿಂಗ್‌ನಲ್ಲಿ ಕೈಯಾಡಿಸಿ ಕನ್ನಡವನ್ನು ಮೊದಲಿಗೆ ಎಳೆದಿರಬೇಕು, ಇಡೀ ಮಷಿನ್‌ಗೇ ಅನ್ವಯಿಸಲೇ ಎಂದು ಕೇಳಿದ್ದಕ್ಕೆ ಹೂಂ ಅಂದಿರಬೇಕು. ಒಂದು ಬಟನ್ ಒತ್ತಿದ ನೆನಪು ಇದೆ. ಅಥವಾ ತಪ್ಪಿತಸ್ಥೆ ನಾನೇ ಎಂದು ಗೊತ್ತಾದ ಮೇಲೆ ಆ ನೆನಪನ್ನು ತಯಾರಿಸಿಕೊಂಡೆನೇ?

"ತಪ್ಪಾತ್ರಿ ಶರಣಪ್ಪನವ್ರ," ಅಂದೆ.

"ಮಷಿನ್ ಐತ್ರಿ, ಅಕ್ಕಾರ. ಆಗ್ತೈತಿ," ಎಂದು ಬರೆಯಲು ಕೂತರು. "ಕೀಬೋರ್ಡ್ ಕ್ರಮ ಬದಲಾಗಿತ್ತು, ಸರಿ ಮಾಡಿದೆ." ಯಾರು ಬದಲಿಸಿದ್ದು ಎಂದು ಬರೆಯಲಿಲ್ಲ.

ಅಷ್ಟರಲ್ಲಿ ನಾನು ಅಂಕಣ ಹುಡುಕಲು ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿ ಬಿಚ್ಚಿದ್ದೆ. ಎಲ್ಲಕ್ಕಿಂತ ಮೇಲೆ "ಶರಣಪ್ಪ". ತಟ್ಟನೆ ಮುಚ್ಚಿದೆ. ಅವರು ನೋಟ್‌ಬುಕ್ ನನ್ನ ಕಡೆ ತಿರುಗಿಸಿದರು. ಮೊದಲ ಸಲ, ಸಹಿ ಮಾಡುವ ಮುಂಚೆ ಓದಿದೆ. ಹಿಂದಿನ ಪುಟವನ್ನೂ ಓದಿದೆ. ಭಾನುವಾರ, ಹನ್ನೊಂದು ಗಂಟೆ ಹನ್ನೆರಡು ನಿಮಿಷ: "ಕನ್ನಡ ಫೈಲ್ ಒಂದು ತೆರೆದು ಒತ್ತಕ್ಷರ ನೋಡಿದೆ. ಸರಿ ಐತಿ."

ಯಾವ ಫೈಲ್ ಎಂದಿಲ್ಲ. ಅದರ ಕೆಳಗೆ ನನ್ನ ಸಹಿ ಇದೆ. ನಾನು ಬರೆದದ್ದನ್ನು ಅವರು ಓದಿದರೇ ಎಂದು ದಿನವಿಡೀ ಕುದಿದವಳು, ಅವರು ಬರೆದು ಮುಂದಿಟ್ಟದ್ದನ್ನು ಓದಿಯೇ ಇರಲಿಲ್ಲ.

ಆಗ ಕೇಳಬಹುದಿತ್ತು. ಏನಂತ ಕೇಳುವುದು? ಕೇಳಿದರೆ ಆ ಫೈಲಿನಲ್ಲಿ ಏನಿದೆ ಎಂದು ಹೇಳಿದಂತೆಯೇ. ಅದರ ಬದಲು, ಕೂತುಕೊಳ್ಳಿ, ಏನಾದರೂ ತಿಂದು ಹೋಗಿ ಎಂದೆ.

"ಬಸ್‌ಸ್ಟ್ಯಾಂಡಿನ್ಯಾಗ ತಿಂದ ಬಂದೀನ್ರಿ ಅಕ್ಕಾರ," ಎಂದು ಚಪ್ಪಲಿ ಮೆಟ್ಟಿದರು.

ಅವರು ಹೋದ ಮೇಲೆ ಫೈಲಿನ ವಿವರ ತೆಗೆದು ನೋಡಿದೆ. ಕೊನೆಗೆ ತೆರೆದದ್ದು ಭಾನುವಾರ, ಹನ್ನೊಂದು ಹನ್ನೆರಡಕ್ಕೆ. ತೆರೆದದ್ದಂತೂ ಅವರೇ. ಆದರೆ ಒತ್ತಕ್ಷರ ನೋಡುವವರು ಅಕ್ಷರದ ಕಾಲು ನೋಡುತ್ತಾರೆ, ಸಾಲನ್ನು ಓದುತ್ತಾರೆಯೇ? ಓದಿದ್ದರೆ ಸುಸ್ಲಾ ಮುಟ್ಟುತ್ತಿದ್ದರೇ, ಭಾನುವಾರ ಅವರ ಪ್ಲೇಟ್ ಖಾಲಿಯಾಗಿತ್ತು, ಅಷ್ಟು ನನಗೆ ನೆನಪಿದೆ ಎಂದು ಬಾಯಿಬಿಟ್ಟೇ ಸಮಾಧಾನ ಹೇಳಿಕೊಂಡೆ. ನಮ್ಮವರು ಪೇಪರ್ ಮಡಿಸಿ, "ಅದನ್ನ ನಾ ತಿಂದಿದ್ದೆ. ಆತ ಮುಟ್ಟಿರಲಿಲ್ಲ," ಎಂದರು. ಇವರ ನೆನಪನ್ನಾದರೂ ನಂಬಬಹುದೇ?

ಇದೆಲ್ಲ ಹೋದ ತಿಂಗಳ ಮಾತು. ಆಮೇಲೆ ಶರಣಪ್ಪ ಎರಡು ಸಲ ಬಂದಿದ್ದಾರೆ, ಒಮ್ಮೆ ಪ್ರಿಂಟರಿಗೆ, ಒಮ್ಮೆ ಸ್ಪೀಕರಿಗೆ. ಮೊದಲಿನಂತೆಯೇ ನಗುತ್ತಾರೆ, ಬರೆಯುತ್ತಾರೆ, ಸಹಿ ಕೇಳುತ್ತಾರೆ. ನಾನು ಓದಿ ಸಹಿ ಮಾಡುತ್ತೇನೆ. ಎರಡು ಸಲವೂ ಬಾಗಿಲಲ್ಲೇ, ನಾಷ್ಟಾ ಮಾಡಿಕೊಂಡೇ ಬಂದಿದ್ದೇನೆ ಎಂದರು.

ನಿಜವಾಗಿ ತಿಂದು ಬಂದಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.