ಸ್ವೀಡನ್ನಿನ ಹಿಮ, ಮಾಲೇಕಲ್ಲಿನ ಕರ್ಪೂರ

ಕಳೆದ ಶನಿವಾರ ನಾನು ಒಂದು ಕೊಲೆಯ ನಟ್ಟನಡುವೆ ಇದ್ದೆ. ಸ್ವೀಡನ್ನಿನ ಯಾವುದೋ ಮೂಲೆ, ಮೊಣಕಾಲುದ್ದ ಹಿಮ, ಪತ್ತೇದಾರನಿಗೆ ನೆಗಡಿ. ಇನ್ನೇನು ಸುಳಿವು ಸಿಗಬೇಕು, ಫೋನ್ ಬಂತು. ಹಾರನಹಳ್ಳಿಯಿಂದ ದೊಡ್ಡಮ್ಮ.

"ನನ್ನ ಎರಡೆಳೆ ಸರ ಕಾಣ್ತಿಲ್ಲ ಕಣೇ. ನಾಳೆ ಸುಮಾನ ಮಾಲೇಕಲ್ಲು ಬೆಟ್ಟದ ಸ್ವಾಮಿ ಹತ್ರ ಕರ್ಕೊಂಡೋಗಿ ಕರ್ಪೂರ ಆರಿಸಿ ಆಣೆ ಮಾಡಿಸ್ತೀವಿ. ನೀನೂ ಬಾ."

ಸುಮಾ ದೊಡ್ಡಮ್ಮನ ಕಿರಿಸೊಸೆ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಅವಳ ಮೇಲಿರುವ ಸಾಕ್ಷಿ? ಹೊರಗಿನಿಂದ ಬಂದವಳು, ಅಷ್ಟೇ. (ನಮ್ಮ ಕಡೆ ಇದಕ್ಕಿಂತ ದೊಡ್ಡ ಎವಿಡೆನ್ಸ್ ಬೇಕೇ?) ಉರಿಯುವ ಕರ್ಪೂರವನ್ನು ದೇವರ ಮುಂದೆ ಅಂಗೈಯಿಂದ ಆರಿಸಿ ಆಣೆ ಮಾಡಿದರೆ ಬಚಾವ್. ಹಿಂಜರಿದರೆ ತವರಿಗೆ ಕಳಿಸುವುದೆಂದು ದೊಡ್ಡಮ್ಮನ ಹಿರಿಮಗ ಉಮೇಶಣ್ಣ ಆಗಲೇ ತೀರ್ಪು ಕೊಟ್ಟಾಗಿತ್ತು.

ನನಗೆ ಈ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಕಡೆಯ ಕ್ರೈಮ್ ಕಾದಂಬರಿಗಳೆಂದರೆ ಪ್ರಾಣ. ಅರಸೀಕೆರೆಯ ಬಿಸಿಲಲ್ಲಿ ಕೂತು ಓದಿದರೂ ಮೈ ಜುಂ ಅನ್ನುತ್ತದೆ. ಅಲ್ಲಿ ಪತ್ತೇದಾರ ಹೀರೋ ಅಲ್ಲ. ಹೆಂಡತಿ ಬಿಟ್ಟು ಹೋಗಿರುತ್ತಾಳೆ, ಕಾರು ಸ್ಟಾರ್ಟ್ ಆಗುವುದಿಲ್ಲ. ಗುಂಡು ಹಾರಿಸುವುದಕ್ಕಿಂತ ಕಾಫಿ ಕುಡಿಯುವುದೇ ಹೆಚ್ಚು. ಆದರೆ ಎಲ್ಲರೂ ಒಬ್ಬನತ್ತ ಬೆರಳು ತೋರಿಸಿದಾಗ, ಪತ್ತೇದಾರ ಬೆರಳು ತೋರಿಸಿದವರನ್ನು ನೋಡುತ್ತಾನೆ.

ಕೊಲೆಗಾರನೂ ರಾಕ್ಷಸನಲ್ಲ, ಪಕ್ಕದ ಮನೆಯ ಮರ್ಯಾದಸ್ಥ. ಊರಿಗೆಲ್ಲ ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ತಮ್ಮದೇ ಊರಿನ ಬಗ್ಗೆ ಇಷ್ಟು ನಿಷ್ಠುರವಾಗಿ ಬರೆಯಲು ಎದೆಗಾರಿಕೆ ಬೇಕು. ಓದುವಾಗೆಲ್ಲ ಆ ಲೇಖಕರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಭಾನುವಾರ ಹೋದೆ. ದೊಡ್ಡಮ್ಮನ ಮಂಡಿಗೆ ಮೆಟ್ಟಿಲು ಆಗದು, ಹಾಗಾಗಿ ಬೆಟ್ಟದ ಬುಡದ ಗುಡಿಯಲ್ಲೇ ಕೋರ್ಟ್ ಸೇರಿತು. ಸುಮಾಳ ಗಂಡ ನೆಲ ನೋಡುತ್ತಾ ನಿಂತಿದ್ದ. ಉಮೇಶಣ್ಣ ಕರ್ಪೂರ ಹಚ್ಚಿದ.

"ಬೇಡ ಕಣಣ್ಣ, ಮನೇಲಿ ಇನ್ನೊಂದ್ಸಲ ಹುಡುಕೋಣ" ಅಂದೆ.

"ನೀನ್ ಸುಮ್ನಿರೇ. ಇದು ನಿನ್ ಕತೆಪುಸ್ತಕ ಅಲ್ಲ."

ಸುಮಾ ಅಂಗೈ ಒತ್ತಿ ಆರಿಸಿಯೇಬಿಟ್ಟಳು. "ಸ್ವಾಮಿ, ನಾನ್ ಮುಟ್ಟಿಲ್ಲ." ಅಷ್ಟಕ್ಕೆ ನಿಲ್ಲಲಿಲ್ಲ. ತಾನೇ ಇನ್ನೊಂದು ಬಿಲ್ಲೆ ಕರ್ಪೂರ ಹಚ್ಚಿದಳು.

"ಭಾವ, ಈಗ ನೀವು. ಆಮೇಲೆ ಎಲ್ರೂ."

"ನಾನ್ಯಾಕೆ? ನಾನೇನ್ ಕಳ್ಳನಾ?"

"ನಾನೂ ಅದನ್ನೇ ಕೇಳಿದ್ದು, ಭಾವ."

ಭೇಷ್ ಅನ್ನಬೇಕು ಅನ್ನಿಸಿತು! ಉಮೇಶಣ್ಣನ ಕೈ ಮುಂದೆ ಬರಲೇ ಇಲ್ಲ. ನಾನು ಅವನನ್ನು ಬಿಟ್ಟು, ನನ್ನ ಸ್ವೀಡನ್ ಗುರುವಿನ ಹಾಗೆ ದೊಡ್ಡಮ್ಮನ ಮುಖ ನೋಡಿದೆ. ಗಾಬರಿಯಾಗಬೇಕಿದ್ದ ಮುಖದಲ್ಲಿ ಗಾಬರಿಯೇ ಇರಲಿಲ್ಲ. "ಸಾಕು ಬಿಡ್ರೋ, ದೇವರ ಮುಂದೆ ರಂಪ ಬೇಡ" ಎಂದು ಕಾರಿನತ್ತ ಹೊರಟರು.

ಕಳ್ಳ ಯಾರೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು! ಹಿರಿಮಗನ ಮಾನ ಉಳಿಯಲೆಂದು ಸೊಸೆಯ ಕೈ ಸುಡಲು ಒಪ್ಪಿದ್ದರು. ನನಗೆ ಸಿಟ್ಟು ಬಂತು, ಅಳುವೂ ಬಂತು. ಆ ಕಾದಂಬರಿಗಳಲ್ಲಿ ಹಿಮ ಮಾತ್ರ ಪರದೇಶದ್ದು, ಮನುಷ್ಯರೆಲ್ಲ ನಮ್ಮವರೇ.

ಮಂಗಳವಾರ ದೊಡ್ಡಮ್ಮನ ಫೋನ್. "ಸರ ಸಿಕ್ತು ಕಣೇ. ಅಕ್ಕಿ ಡಬ್ಬದಲ್ಲಿತ್ತು. ಎಲ್ಲಾ ಸ್ವಾಮಿ ಮಹಿಮೆ."

ಕದ್ದ ಕೈಯೇ ಡಬ್ಬಕ್ಕೆ ಹಾಕಿದ ಸರವೇನೋ ಸಿಕ್ಕಿತು. "ತಪ್ಪಾಯ್ತು ಕಣಮ್ಮ" ಎಂದು ಸುಮಾಳಿಗೆ ಹೇಳುವವರು ಒಬ್ಬರಾದರೂ ಸಿಕ್ಕರೇ?