ಐದು ಗಂಟಿನ ವೈರು

ಅವಳನ್ನು ಮೊದಲು ಕಂಡ ದಿನ ನಾನು ಬೈದೆ. ಆಗತಾನೇ ಒರೆಸಿದ ವೇದಿಕೆಗೆ ಚಪ್ಪಲಿ ಕಾಲಲ್ಲಿ ಬಂದು ಎರಡು ಚೀಲ ವೈರು ಸುರಿದಿದ್ದಳು.

“ಇದೇನಮ್ಮಾ, ಹಾವಾಡಿಸೋಕೆ ಬಂದ್ಯಾ?”

“ಕಚ್ಚಲ್ಲ ಅಜ್ಜಿ, ಹಾಡ್ತವೆ,” ಅಂದಳು. ಚಪ್ಪಲಿ ಬಿಟ್ಟು, ನನ್ನ ಕೈಯ ಬಟ್ಟೆ ಕಿತ್ತುಕೊಂಡು ತಾನೇ ಒರೆಸಿದಳು.

ಈ ಸಭಾಂಗಣ ಗುಡಿಸಿ ಒರೆಸೋದು ನನ್ನ ಕೆಲಸ. ಗಂಡ ಸತ್ತ ಮೇಲೆ ಹದಿನೇಳು ವರ್ಷದಿಂದ ಇದೇ. ಅವಳು ಲಿಫ್ಟ್ ರಿಪೇರಿಯವಳು. ರಜೆ ಬಂದರೆ ಮಿಷಿನ್ನಿನ ಸಂಗೀತ. ಇಲ್ಲಿನ ಕೆಲಸದವರು ಅವಳಿಗೆ ವೈರಮ್ಮ ಅಂತ ಹೆಸರಿಟ್ಟರು.

“ಗುಂಡಿ ಒತ್ತಿದರೆ ಹಾಡು ತಾನೇ ಬರುತ್ತೆ, ಇವಳದೇನು ದೊಡ್ಡಸ್ತಿಕೆ?” ಅಂತ ಆಡಿಕೊಳ್ಳೋರು. ನಾನೂ ಹಾಗೇ ಅಂದುಕೊಂಡಿದ್ದೆ, ಕೂತು ನೋಡುವ ತನಕ. ಒಂದು ಪೆಟ್ಟಿಗೆಯ ಮೇಲೆ ಬೆರಳಲ್ಲಿ ತಾಳ ತಟ್ಟುತ್ತಾಳೆ. ಪೆಟ್ಟಿಗೆ ಅದನ್ನು ಹಿಡಿದುಕೊಂಡು ತಿರುತಿರುಗಿ ಹೇಳುತ್ತೆ. ಅದರ ಮೇಲೆ ಎರಡನೆಯದರಿಂದ ದಪ್ಪ ದನಿ, ಮೂರನೆಯದರಿಂದ ಸಣ್ಣ ದನಿ, ನಾಲ್ಕನೆಯದಕ್ಕೆ ತನ್ನ ಗಂಟಲು. ಮೊದಲೇ ತುಂಬಿಕೊಂಡು ಬಂದದ್ದು ಒಂದೂ ಇಲ್ಲ.

“ಜನರ ಎದುರಿಗೇ ಹುಟ್ಟಬೇಕು ಅಜ್ಜಿ. ನನ್ನ ಮಾನ ಇರೋದೇ ಅದರಲ್ಲಿ.”

ಕತ್ತಲ ವೇದಿಕೆಯಲ್ಲಿ ವೈರು ಅದಲುಬದಲಾಗುತ್ತೆ ಅಂತ ಪೇಚಾಡುತ್ತಿದ್ದಳು. ನಾನು ಹಳೇ ದಿಂಬಿನ ಚೀಲ ಹರಿದು ಪಟ್ಟಿ ಕಟ್ಟಿಕೊಟ್ಟೆ. ಮೊದಲನೇ ಪೆಟ್ಟಿಗೆಯ ವೈರಿಗೆ ಒಂದು ಗಂಟು, ನಾಲ್ಕನೆಯದಕ್ಕೆ ನಾಲ್ಕು. ಎಲ್ಲ ದನಿ ಕೂಡಿ ಸ್ಪೀಕರಿಗೆ ಹೋಗುವ ದಪ್ಪ ವೈರಿಗೆ ಐದು. ಕಣ್ಣು ಬೇಡ, ಬೆರಳು ಸಾಕು.

ಮೊದಲ ಕಾರ್ಯಕ್ರಮದಲ್ಲಿ ಒಂದು ಪೆಟ್ಟಿಗೆ ಅರ್ಧ ನಿಮಿಷ ಮೊಂಡು ಹಿಡಿಯಿತು. ಜನ ಶಿಳ್ಳೆ ಹಾಕಿದರು. ಸಭಾಂಗಣದ ಮ್ಯಾನೇಜರನ ಮುಖ ಸುಟ್ಟ ಬದನೆಕಾಯಿ.

ಎರಡನೇ ಕಾರ್ಯಕ್ರಮದ ಸಂಜೆ, ಅವಳು ಜನರನ್ನು ಮಾತಾಡಿಸುತ್ತಿದ್ದಾಗ, ಮ್ಯಾನೇಜರ್ ವೇದಿಕೆಯ ಹಿಂಬದಿಗೆ ಬಂದು ಸ್ಪೀಕರಿನ ಹತ್ತಿರ ಬಗ್ಗಿ ಏನೋ ಮಾಡಿ ಹೋದ. ನಾನು ಪರದೆಯ ಪಕ್ಕ ಬಕೆಟ್ ಹಿಡಿದು ನಿಂತಿದ್ದೆ. ಹಾಡು ಶುರುವಾಯಿತು. ನೋಡಿದರೆ ಐದು ಗಂಟಿನ ವೈರು ಕೆಳಗೆ ಬಿದ್ದಿದೆ! ಅವನ ಕಾಲು ತಾಗಿರಬೇಕು ಅಂದುಕೊಂಡು, ತೆವಳಿ ಹೋಗಿ ಸ್ಪೀಕರಿನ ಖಾಲಿ ತೂತಿಗೆ ಸಿಕ್ಕಿಸಿದೆ.

ಅಯ್ಯೋ, ಎರಡು ಹಾಡು ಒಂದರ ಮೇಲೊಂದು ಬಿದ್ದು ಕಿರುಚಾಡಿದವು. ಅಲ್ಲಿತನಕ ಹೆಡ್‌ಫೋನಿನಲ್ಲಿ ತಾನು ಬಾರಿಸಿದ್ದನ್ನಷ್ಟೇ ಕೇಳುತ್ತಿದ್ದವಳು ಅದನ್ನು ಕಿತ್ತೆಸೆದು ನಾಲ್ಕೂ ಪೆಟ್ಟಿಗೆ ಆರಿಸಿದಳು. ಆದರೂ ಹಾಡು ನಿಲ್ಲಲಿಲ್ಲ. ಪಕ್ಕದ ತೂತಿನಲ್ಲಿ ಮ್ಯಾನೇಜರನ ಲ್ಯಾಪ್‌ಟಾಪಿನ ವೈರು. ಓಡುತ್ತಿದ್ದದ್ದು ಹಿಂದಿನ ದಿನದ ತಾಲೀಮಿನ ರೆಕಾರ್ಡಿಂಗು, ಮತ್ತೆ ಶಿಳ್ಳೆ ಬೀಳಬಾರದು ಅಂತ ಅವನು ಗುಟ್ಟಾಗಿ ಹಾಕಿದ್ದು.

“ನೋಡ್ರೋ, ಕೈಯೇ ಇಲ್ಲ, ಹಾಡು ಮಾತ್ರ ಇದೆ!” ಅಂತ ಜನ ಬಿದ್ದು ಬಿದ್ದು ನಕ್ಕರು.

ಅವಳು ಆ ವೈರು ಕಿತ್ತಳು. “ಇನ್ನೊಂದು ಸಲ ಮೊದಲಿಂದ ಬಾರಿಸ್ತೀನಿ, ಕೂತ್ಕೊಳ್ಳಿ!” ಅಂತ ಕೂಗಿದಳು. ಮ್ಯಾನೇಜರ್ ದೀಪ ಹಾಕಿಸಿ ಮೈಕು ಹಿಡಿದ. “ಭಯ ಆಗುತ್ತೆ, ರೆಕಾರ್ಡ್ ಹಾಕಿ ಅಂತ ಕಲಾವಿದೆಯೇ ಕೇಳ್ಕೊಂಡಿದ್ರು. ಕ್ಷಮಿಸಿ.”

ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತಂತೆ!

“ಸಾರ್, ಕಿತ್ತೋರು ನೀವು. ನಾನು ಕಂಡಿದೀನಿ.”

“ನೆಲ ಒರೆಸೋಳು ನೆಲ ನೋಡು.”

ನೆಲವನ್ನೇ ನೋಡಿದ್ದೆ ಕಣಯ್ಯಾ! ವೈರು ಬಿದ್ದಿದ್ದು ನೆಲದ ಮೇಲೇ ಅಲ್ಲವಾ? ಹಾಗನ್ನಬೇಕಿತ್ತು, ಬಕೆಟ್ ಎತ್ತಿಕೊಂಡು ಒಳಗೆ ಹೋದೆ. ಆ ಸಿಟ್ಟು ಇವತ್ತಿಗೂ ಆರಿಲ್ಲ, ಅವನ ಮೇಲೂ ನನ್ನ ಮೇಲೂ.

ಆಮೇಲೆ ಬೇರೆ ಎರಡು ಸಭಾಂಗಣದವರು ಅವಳಿಗೆ ಬರಬೇಡ ಅಂದರು. ಮೋಸಗಾತಿ ಅಂತ ಹೆಸರಾಯಿತು. ಸೋಮವಾರ ಲಿಫ್ಟಿನ ಗ್ರೀಸು ಮೆತ್ತಿದ ಅಂಗಿಯಲ್ಲೇ ನಮ್ಮ ಮನೆಗೆ ಬಂದಳು. ಕೂರಲಿಲ್ಲ. ಐದು ಗಂಟಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು.

“ನಿಮ್ಮ ಕೆಲಸಕ್ಕೆ ಕುತ್ತು ಬರಬಹುದು, ಗೊತ್ತು. ಅದಕ್ಕೇ ಕೇಳೋಕೆ ಬಾಯಿ ಬರ್ತಿಲ್ಲ,” ಅಂದಳು.

“ಕೇಳೇ ಮಗಳೇ.”

“ಮೂರನೇ ಕ್ಲಾಸು ಓದಿದೀನಿ ಅಂದಿದ್ರಲ್ಲ ಅಜ್ಜಿ. ನೀವು ಕಂಡದ್ದನ್ನ ಕಂಡ ಹಾಗೇ ಬರೆದು, ಕೆಳಗೆ ರುಜು ಹಾಕಿ ಕೊಡ್ತೀರಾ?”